ಆಪರೇಷನ್ ಆದ ನಾಯಿ ಮಂಚದ ಕೆಳಗೆ ಸೇರಿಕೊಂಡಿದೆ, ನನ್ನ ಮೇಲೆ ಮುನಿಸಾ?

ಓದುಗರ ಪ್ರಶ್ನೆ: ನಾವು ದಾವಣಗೆರೆಯವರು. ಮೊದಲ ಮಹಡಿಯಲ್ಲಿ ಬಾಡಿಗೆ ಮನೆ. ಒಂದು ತಿಂಗಳ ಹಿಂದೆ ಒಂದೂವರೆ ವರ್ಷದ ಬೀದಿ ನಾಯಿಯನ್ನು ಮನೆಗೆ ತಂದೆವು. ಹೆಸರು ಕೆಂಪಿ. ಪುಕ್ಕಲು ಸ್ವಭಾವ. ಆದರೂ ಮೂರನೇ ವಾರಕ್ಕೆ ನನ್ನ ಕೈಯಿಂದ ಚಪಾತಿ ಚೂರು ತಿನ್ನುವಷ್ಟು ಹೊಂದಿಕೊಂಡಿದ್ದಳು. ಕಳೆದ ಶನಿವಾರ ಸಂತಾನಹರಣ ಆಪರೇಷನ್ ಮಾಡಿಸಿದೆವು. ಅಲ್ಲಿಂದ ಎಲ್ಲ ಕೆಟ್ಟಿತು. ಮಂಚದ ಕೆಳಗೆ ಸೇರಿಕೊಂಡಿದ್ದಾಳೆ. ಬಗ್ಗಿ ಕರೆದರೆ ಮುಖ ತಿರುಗಿಸುತ್ತಾಳೆ. ಊಟ ಮಾಡುತ್ತಾಳೆ, ಆದರೆ ನಾನು ಆಚೆ ಹೋದ ಮೇಲೆ. ಮಂಗಳವಾರಕ್ಕೆ ಮಾತ್ರೆ ಮುಗಿಯಿತು. ಬುಧವಾರ ಗಾಯ ನೋಡೋಣ ಅಂತ ಕೈ ಹಾಕಿದೆ, ಗುರ್ ಅಂದಳು. ಇದೇ ಮೊದಲ ಸಲ. ಎಂಟು ವರ್ಷದ ಮಗ ಹೆದರಿದ್ದಾನೆ. ನಮ್ಮ ಅತ್ತೆ, 'ಒಂದು ಸಲನಾದ್ರೂ ಮರಿ ಹಾಕಬೇಕಿತ್ತು, ಪಾಪ ಕಟ್ಟಿಕೊಂಡ್ರಿ' ಅಂತಾರೆ. ತಮಾಷೆ ಅಂದರೆ ಅತ್ತೆ ಅವಳನ್ನು ಮುಟ್ಟುವುದೂ ಇಲ್ಲ. ಆದರೆ ಅವರು ಸಂಜೆ ಜಪಕ್ಕೆ ಕೂತಾಗ ಮಾತ್ರ ಕೆಂಪಿ ಹೊರಗೆ ಬಂದು ಅವರ ಕೋಣೆ ಬಾಗಿಲಲ್ಲಿ ಮಲಗುತ್ತಾಳೆ. ಇಷ್ಟು ಮಾಡಿದ ನನ್ನ ಮೇಲೆ ಮುನಿಸಾ? ಅವಳ ವಿಶ್ವಾಸ ಮತ್ತೆ ಸಿಗುತ್ತದಾ?

ಉತ್ತರ: ಮೊದಲು ಆಪರೇಷನ್ ಮಾಡಿದ ಡಾಕ್ಟರಿಗೆ ಒಂದು ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿ.

ಯಾಕೆ ಅಂದರೆ ಲೆಕ್ಕ ನಿಮ್ಮ ಪತ್ರದಲ್ಲೇ ಇದೆ. ಮಂಗಳವಾರ ಮಾತ್ರೆ ಮುಗಿಯಿತು, ಬುಧವಾರ ಗುರ್ ಅಂದಳು. ಎರಡಕ್ಕೂ ಸಂಬಂಧ ಇಲ್ಲದಿರಬಹುದು. ಆದರೆ ನಾನಾಗಿದ್ದರೆ ಸಂಬಂಧ ಇದೆ ಅಂತಲೇ ಹಿಡಿದು ನಡೆಯುತ್ತೇನೆ. ಹೊಟ್ಟೆ ಕೊಯ್ದು ಅಂಡಾಶಯ, ಗರ್ಭಕೋಶ ತೆಗೆಯುವ ಆಪರೇಷನ್ ಇದು. ದಿನಾ ಮಾಡುವ ನಮ್ಮಂಥ ಪಶುವೈದ್ಯರಿಗೆ ಚಿಕ್ಕದು ಅನ್ನಿಸುತ್ತದೆ, ಮಾಡಿಸಿಕೊಂಡವಳಿಗೆ ಅಲ್ಲ. ಕೆಲವು ನಾಯಿಗಳಿಗೆ ಮೂರು ದಿನದ ನೋವಿನ ಮಾತ್ರೆ ಸಾಕು, ಕೆಲವಕ್ಕೆ ಇನ್ನೆರಡು ದಿನ ಬೇಕಾಗುತ್ತದೆ. 'ಮುಟ್ಟಿದರೆ ಗುರ್ ಅಂತಾಳೆ, ನೋವಿಗೆ ಇನ್ನೂ ಏನಾದರೂ ಕೊಡಬೇಕಾ?' ಅಂತ ನೇರವಾಗಿ ಕೇಳಿ. 'ಡಲ್ ಆಗಿದ್ದಾಳೆ' ಅಂದರೆ ಫೋನಿನಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ.

ಮನೆಯಲ್ಲಿರುವ ಮನುಷ್ಯರ ಮಾತ್ರೆ ಮಾತ್ರ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಯಾವುದೂ ಬೇಡ. 'ಅರ್ಧ ಮಾತ್ರೆ ತಾನೇ' ಅಂತ ಕೊಟ್ಟು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ವಾಂತಿ ಮಾಡುತ್ತಾ ಬಂದ ನಾಯಿಗಳನ್ನು ನೋಡಿದ್ದೇನೆ.

ಫೋನ್ ಮಾಡುವ ಮುಂಚೆ ದೂರದಿಂದಲೇ ನಾಲ್ಕು ವಿಷಯ ಗಮನಿಸಿ. ಬೆನ್ನು ಗೂನು ಮಾಡಿಕೊಂಡು ನಿಲ್ಲುತ್ತಾಳಾ? ಮಲಗಲು ಹೋಗಿ ಮತ್ತೆ ಎದ್ದು ನಿಲ್ಲುತ್ತಾಳಾ? ಸುಮ್ಮನೆ ಮಲಗಿದ್ದಾಗಲೂ ತೇಕುತ್ತಾಳಾ? ಬಾಯಿ ತೆರೆದಾಗ ವಸಡು ತಿಳಿ ಗುಲಾಬಿ ಇದೆಯಾ, ಬಿಳಚಿದೆಯಾ? ವಸಡು ಬಿಳಚಿದ್ದರೆ, ಪದೇ ಪದೇ ವಾಂತಿ ಆಗುತ್ತಿದ್ದರೆ, ಗಾಯದಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ ಫೋನ್ ಬೇಡ, ಆಟೋ ಹತ್ತಿ. ಮೂಗು ಒಣಗಿದೆ ಅಂತ ಗಾಬರಿ ಆಗಬೇಡಿ. ಮೂಗು ಒದ್ದೆ ಇದ್ದರೆ ಆರೋಗ್ಯ, ಒಣಗಿದ್ದರೆ ಜ್ವರ ಅನ್ನುವುದು ಬರೀ ಬಾಯಿಮಾತು. ಊಟ ಮಾಡುತ್ತಿದ್ದಾಳೆ ಅಂತ ಬರೆದಿದ್ದೀರಿ. ಅದು ಒಳ್ಳೆಯ ಲಕ್ಷಣ.

ಇನ್ನು ಮುನಿಸಿನ ವಿಷಯ.

ಶನಿವಾರವನ್ನು ಒಮ್ಮೆ ಕೆಂಪಿಯ ಕಡೆಯಿಂದ ನೋಡಿ. ಹಿಂದಿನ ರಾತ್ರಿ ಊಟ ಇಲ್ಲ. ಬೆಳಗ್ಗೆ ನೀವು ಎತ್ತಿಕೊಂಡು ಆಟೋದಲ್ಲಿ ಕೂರಿಸಿದಿರಿ. ಎಲ್ಲೋ ಬೇರೆ ನಾಯಿಗಳ ಬೊಗಳಾಟ, ಸ್ಪಿರಿಟ್ ವಾಸನೆ, ಕಾಲು ಜಾರುವ ಸ್ಟೀಲ್ ಮೇಜು. ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚಿದರು. ಆಮೇಲೆ ಏನೂ ಗೊತ್ತಿಲ್ಲ. ಎಚ್ಚರ ಆದಾಗ ಮೈ ನಡುಕ, ತಲೆ ಸುತ್ತು, ಹೊಟ್ಟೆ ಉರಿ. ಉಸಿರಿಗೆ ಕೊಳವೆ ಇಳಿಸಿದ್ದರಿಂದ ಗಂಟಲಲ್ಲಿ ಕೆರೆತ. ಕೊರಳಿಗೆ ಪ್ಲಾಸ್ಟಿಕ್ ಬುಟ್ಟಿ, ಅದೇ ಗಾಯ ನೆಕ್ಕದಂತೆ ಹಾಕುವ ಕೋನ್. ಕಣ್ಣು ಬಿಟ್ಟರೆ ಎದುರಿಗೆ ನೀವೇ.

'ಇವಳು ನನಗೆ ಮೋಸ ಮಾಡಿದಳು' ಅಂತ ನಾಯಿ ಲೆಕ್ಕ ಹಾಕುವುದಿಲ್ಲ. ಕಾರಣ ಅದಕ್ಕೆ ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಿದ್ದರು, ಯಾವ ವಾಸನೆ ಇತ್ತು, ಯಾವ ಕೈ ಎತ್ತಿಕೊಂಡಿತು, ಇಷ್ಟು ಮಾತ್ರ ಅಂಟಿಕೊಳ್ಳುತ್ತದೆ. ಮನೆಗೆ ಬಂದ ಮೇಲೂ ಮಾತ್ರೆ ತಿನ್ನಿಸಿದ್ದು ನೀವು, ಕೋನ್ ಸರಿ ಮಾಡಿದ್ದು ನೀವು, ಹೊಟ್ಟೆ ಹತ್ತಿರ ಕೈ ಹಾಕಿದ್ದೂ ನೀವು. ಸೇವೆ ಜಾಸ್ತಿ ಮಾಡಿದವರ ತಲೆಗೇ ಅಪವಾದ ಬರುತ್ತದೆ. ನಿಮ್ಮ ಜಾಗದಲ್ಲಿ ಯಾರಿದ್ದರೂ ಇದೇ ಆಗುತ್ತಿತ್ತು.

ನನ್ನ ಮನೆಯಲ್ಲೇ ಆಗಿದೆ. ನಮ್ಮ ಬೂದಿಗೆ ಆಪರೇಷನ್ ಮಾಡಿದ್ದು ನಾನೇ. ಮನೆ ನಾಯಿ, ಬೇರೆಯವರ ಕೈಗೆ ಯಾಕೆ ಕೊಡಬೇಕು ಅನ್ನುವ ಜಂಬ. ಮನೆಗೆ ಬಂದವಳು ಬಚ್ಚಲುಮನೆಯ ಹಂಡೆ ಹಿಂದೆ ಸೇರಿದಳು. ನಾನು ಗೇಟು ತೆಗೆದ ಸದ್ದಾದರೆ ಸಾಕು, ಅಂಗಳದಲ್ಲಿದ್ದವಳು ಅಲ್ಲಿಗೆ ಓಟ. ನನ್ನ ಬಟ್ಟೆಯಲ್ಲಿ ದಿನಾ ಅದೇ ಆಸ್ಪತ್ರೆ ವಾಸನೆ ಬೇರೆ. ಎರಡು ದಿನ ಹಂಡೆ ಮುಂದೆ ಕುಕ್ಕರಗಾಲಲ್ಲಿ ಕೂತು 'ಬಾರಮ್ಮ, ಬಾರೇ' ಅಂತ ಗೋಗರೆದೆ. ಒಂದು ಹೆಜ್ಜೆಯೂ ಬರಲಿಲ್ಲ. ಆಮೇಲೆ ಬುದ್ಧಿ ಬಂತು. ಹೊರಗೇ ಬಟ್ಟೆ ಬದಲಿಸಿ, ಕೈಕಾಲು ತೊಳೆದು ಒಳಗೆ ಬರಲು ಶುರು ಮಾಡಿದೆ. ಕರೆಯುವುದನ್ನು ಪೂರ್ತಿ ಬಿಟ್ಟೆ. ಅವರೆಕಾಯಿ ಕಾಲ ಅದು. ಸಂಜೆ ಹಜಾರದ ನೆಲದ ಮೇಲೆ ಕೂತು, ಅವಳ ಕಡೆಗೆ ಬೆನ್ನು ಹಾಕಿ, ಕಾಯಿ ಸುಲಿಯುತ್ತಿದ್ದೆ. ಒಂಬತ್ತನೇ ದಿನ ಹಿಂದಿನಿಂದ ಕೋನ್ ಗೋಡೆಗೆ ತಗುಲುವ ಟಕ್ ಟಕ್ ಸದ್ದು. ತಿರುಗಲಿಲ್ಲ. ಇನ್ನೊಂದು ಕಾಯಿ ಸುಲಿದೆ. ಮೊರದ ಅಂಚಿಗೆ ಕೋನ್ ಬಡಿದು ಅರ್ಧ ಕಾಳು ನೆಲದ ಪಾಲಾಯಿತು. ಮೊರವನ್ನು ಮೂಸಿದಳು, ನನ್ನ ಮೊಣಕೈ ಮೂಸಿದಳು, ಅಲ್ಲೇ ಧೊಪ್ಪನೆ ಕೂತಳು. ಹಸಿ ಅವರೆಕಾಳು ನಾಯಿಗೆ ಒಳ್ಳೆಯದಲ್ಲ, ಹಾಗಾಗಿ ಕಾಳೆಲ್ಲ ಬೇಗ ಬಳಿದೆ. ಅವಳು ಏಳಲಿಲ್ಲ.

ಹಾಗಾಗಿ ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಅತ್ತೆಯವರ ಸಾಲು. ಅವರು ಏನು ಮಾಡುತ್ತಾರೆ ನೋಡಿ. ಕರೆಯುವುದಿಲ್ಲ. ಕೈ ಚಾಚುವುದಿಲ್ಲ. ಕಣ್ಣಿಟ್ಟು ನೋಡುವುದಿಲ್ಲ. ದಿನಾ ಅದೇ ಹೊತ್ತು, ಅದೇ ಜಾಗ, ಏರಿಳಿತ ಇಲ್ಲದ ಸಣ್ಣ ದನಿ. ಹೆದರಿದ ನಾಯಿಗೆ ಇದಕ್ಕಿಂತ ಇನ್ನೇನು ಬೇಕು? ಮುಂದೆ ಏನಾಗುತ್ತದೆ ಅಂತ ಅವಳಿಗೆ ಮೊದಲೇ ಗೊತ್ತಿರುವ ಮನುಷ್ಯರು ಆ ಮನೆಯಲ್ಲಿ ಸದ್ಯಕ್ಕೆ ಅತ್ತೆ ಒಬ್ಬರೇ.

ನೀವೂ ಅದನ್ನೇ ಮಾಡಿ. ಜಪ ಅಂತಲ್ಲ, ಕೂರುವುದು. ದಿನಕ್ಕೆ ಎರಡು ಹೊತ್ತು, ಇಪ್ಪತ್ತು ನಿಮಿಷ. ಹೊತ್ತು ಬದಲಿಸಬೇಡಿ. ಮಂಚದಿಂದ ಒಂದೆರಡು ಮಾರು ದೂರ ನೆಲದ ಮೇಲೆ ಕೂರಿ, ಪಕ್ಕಕ್ಕೆ ತಿರುಗಿ. ಬಟ್ಟೆ ಮಡಚಿ, ಸೊಪ್ಪು ಬಿಡಿಸಿ, ಅಕ್ಕಿ ಆರಿಸಿ. ಮೊಬೈಲ್ ನೋಡಬಹುದಾ ಅಂತ ಕೇಳುವವರಿದ್ದಾರೆ. ನೋಡಿ, ಆದರೆ ಸದ್ದು ಬಂದ್ ಮಾಡಿ. ಮಧ್ಯೆ ಮಧ್ಯೆ ಬೇಯಿಸಿದ ಕೋಳಿಯದೋ ಪನೀರಿನದೋ ಕಡಲೆಕಾಳಿನಷ್ಟು ಚೂರನ್ನು ಮಂಚದ ಕಡೆಗೆ ಉರುಳಿಸಿ. ತಿಂದಳಾ ಅಂತ ನೋಡಬೇಡಿ. ಇಪ್ಪತ್ತು ನಿಮಿಷ ಆದ ಮೇಲೆ ಎದ್ದು ಹೋಗಿ. ಅವಳು ಅರ್ಧ ಹೊರಗೆ ಬಂದಿದ್ದರೂ 'ಇನ್ನೇನು ಬಂದಳು' ಅಂತ ಕಾಯಬೇಡಿ, ಕೈ ನೀಡಬೇಡಿ. ಬಹಳ ಜನ ಕೆಡಿಸಿಕೊಳ್ಳುವುದು ಇಲ್ಲೇ. ನಾಯಿ ಒಂದಡಿ ಬಂದ ಖುಷಿಗೆ ಇವರು ಮೂರಡಿ ಮುಂದೆ ಹೋಗುತ್ತಾರೆ.

ಕಣ್ಣಲ್ಲಿ ಕಣ್ಣಿಟ್ಟರೆ ಪ್ರೀತಿ ಬೆಳೆಯುತ್ತದಂತೆ ಅಲ್ವಾ ಅಂತ ಕೇಳಬಹುದು. ಆ ಮಾತಿಗೆ ಬುಡ ಇದೆ. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿಯೂ ಯಜಮಾನರೂ ಒಬ್ಬರನ್ನೊಬ್ಬರು ಹೆಚ್ಚು ಹೊತ್ತು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಏರಿದ್ದು ಕಂಡಿತು. ತಾಯಿ ಮಗುವಿನ ನಡುವೆ ಕೆಲಸ ಮಾಡುವ ಹಾರ್ಮೋನೇ ಅದು. ಆದರೆ ಅವು ಮೊದಲೇ ಯಜಮಾನರಿಗೆ ಹೊಂದಿಕೊಂಡಿದ್ದ ನಾಯಿಗಳು. ತಿಂಗಳ ಹಿಂದೆ ಬಂದ, ಹೊಟ್ಟೆ ನೋಯುತ್ತಿರುವ ಕೆಂಪಿಗೆ ನೇರ ನೋಟ ಅಂದರೆ ಬೆದರಿಕೆ. ಈಗ ಅವಳು ನಿಮ್ಮ ಕಡೆ ನೋಡಿದರೆ ನಿಧಾನ ಕಣ್ಣು ಮುಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿ. ನಾಯಿಗಳ ನಡುವೆ ಇದು ಒಳ್ಳೆಯ ಮಾತು.

ವಾಸನೆಯನ್ನು ಮಾತ್ರ ಧಾರಾಳವಾಗಿ ಬಳಸಿಕೊಳ್ಳಿ. ಅಮೆರಿಕದ ಎಮೋರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ಅವರ ತಂಡ 12 ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲುಗದೆ ಮಲಗುವುದನ್ನು ಕಲಿಸಿ, ಬೇರೆ ಬೇರೆ ವಾಸನೆ ಮೂಸಿಸಿ ನೋಡಿತು. ಮೆದುಳಿನಲ್ಲಿ ಒಳ್ಳೆಯದನ್ನು ನಿರೀಕ್ಷಿಸುವಾಗ ಚುರುಕಾಗುವ ಒಂದು ಭಾಗ ಇದೆ. ಅದು ಎಲ್ಲಕ್ಕಿಂತ ಜಾಸ್ತಿ ಚುರುಕಾದದ್ದು ಮನೆಯ ಮನುಷ್ಯರ ವಾಸನೆಗೆ. ಆ ಮನುಷ್ಯರು ಅಲ್ಲಿ ಇರಲೂ ಇಲ್ಲ. ನೀವು ಒಂದು ದಿನ ಉಟ್ಟ ಹಳೆ ಕಾಟನ್ ಸೀರೆಯನ್ನೋ ನೈಟಿಯನ್ನೋ ಒಗೆಯದೆ ಅವಳು ಮಲಗುವಲ್ಲಿ ಹಾಕಿ. ನೀವು ಇಲ್ಲದಿದ್ದರೂ ನಿಮ್ಮ ವಾಸನೆ ಅವಳ ನಿದ್ದೆಗೆ ಸೇರಿಕೊಳ್ಳಲಿ. ಮುಂಚಿನ ಮೂರು ವಾರದ ಚಪಾತಿ ಚೂರೂ ಆ ವಾಸನೆಯ ಜೊತೆಗೇ ಇದೆ, ಶನಿವಾರ ಒಂದೇ ಅಲ್ಲ.

ಮಂಚದ ಕೆಳಗಿನಿಂದ ಎಳೆದು ತರಬೇಡಿ. ಆದರೆ ಅದು ಒಳ್ಳೆಯ ಜಾಗ ಅಂತಲೂ ನಾನು ಹೇಳುವುದಿಲ್ಲ. ಕೋನ್ ಹಾಕಿಕೊಂಡು ನುಸುಳುವಾಗ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ, ಹೊಲಿಗೆ ಮೇಲೆ ಎಳೆತ ಬೀಳುತ್ತದೆ. ಅದಕ್ಕಿಂತ ವಾಸಿಯಾದ ಇನ್ನೊಂದು ಗೂಡು ಮಾಡಿ. ಅತ್ತೆಯವರ ಕೋಣೆ ಬಾಗಿಲ ಪಕ್ಕ ಗೋಡೆ ಮೂಲೆ ಇದ್ದರೆ ಅದೇ ಸರಿ. ಒಂದು ಚಾಪೆ, ಮೇಲೆ ನಿಮ್ಮ ಸೀರೆ, ಎರಡು ಕುರ್ಚಿ ಇಟ್ಟು ಅದರ ಮೇಲೆ ಬೆಡ್‌ಶೀಟ್ ಇಳಿಬಿಡಿ. ನೀರು ಅಲ್ಲೇ ಇರಲಿ. ಅಡುಗೆಮನೆಗೆ ತೀರಾ ಹತ್ತಿರ ಬೇಡ. ಕುಕ್ಕರ್ ಸೀಟಿಗೆ ಬೆಚ್ಚಿ ಛಂಗನೆ ಹಾರುವುದೇ ಹೊಲಿಗೆಗೆ ದೊಡ್ಡ ಅಪಾಯ. ಮೊದಲ ಎರಡು ದಿನ ಊಟದ ತಟ್ಟೆ ಮಂಚ ಮತ್ತು ಗೂಡಿನ ನಡುವೆ ಇರಲಿ, ಆಮೇಲೆ ಗೂಡಿನ ಬಾಯಿಗೆ, ಆಮೇಲೆ ಒಳಗೆ. ಹೊಸ ಜಾಗದಲ್ಲಿ ಮಲಗಲು ಶುರು ಮಾಡಿದ ಮೇಲೆ ಮಂಚದ ಕೆಳಗೆ ಟ್ರಂಕು, ರಟ್ಟಿನ ಪೆಟ್ಟಿಗೆ ತುಂಬಿಸಿಬಿಡಿ. ಅವಳು ಒಳಗಿರುವಾಗ ಅಲ್ಲ, ಹೊರಗೆ ಹೋದಾಗ. ನೆಲ ಟೈಲ್ಸ್ ಆಗಿದ್ದರೆ ಓಡಾಡುವ ದಾರಿಯುದ್ದಕ್ಕೂ ಗೋಣಿಚೀಲವೋ ಹಳೆ ಕಾರ್ಪೆಟ್ಟೋ ಹಾಸಿ. ಹಿಂಗಾಲು ಜಾರಿದಾಗ ಹೊಟ್ಟೆಯ ಸ್ನಾಯು ಎಳೆದು ನೋವಾಗುತ್ತದೆ. 'ಈ ಮನೆಯಲ್ಲಿ ನಡೆದಾಡಿದರೆ ನೋವು' ಅಂತ ಅವಳು ತೀರ್ಮಾನಕ್ಕೆ ಬರಬಾರದು.

ಹಾಗೆಯೇ ಒಂದು ಸಲ ಮಂಚದ ಕೆಳಗೆ ದೂರದಿಂದ ಕಣ್ಣು ಹಾಯಿಸಿ. ಮಗನ ಬೊಂಬೆ, ಕಾಲುಚೀಲ, ಚಪ್ಪಲಿ ಏನಾದರೂ ಎಳೆದುಕೊಂಡು ಹೋಗಿ ಮಗ್ಗುಲಲ್ಲಿ ಇಟ್ಟುಕೊಂಡಿದ್ದಾಳಾ? ಬೆದೆಗೆ ಬಂದು ಒಂದೆರಡು ತಿಂಗಳ ಒಳಗೆ ಆಪರೇಷನ್ ಆದರೆ, ಅಂಡಾಶಯ ತೆಗೆದ ಕೂಡಲೇ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ದಿಢೀರನೆ ಇಳಿದು, ಕೆಲವು ನಾಯಿಗಳ ದೇಹ 'ಮರಿ ಹಾಕಿಯಾಯಿತು' ಅಂದುಕೊಂಡುಬಿಡುತ್ತದೆ. ಮೊಲೆ ಊದುತ್ತದೆ, ಹಾಲೂ ಬರಬಹುದು. ಬೊಂಬೆಯನ್ನೇ ಮರಿ ಅಂತ ಕಾಯುತ್ತವೆ, ಹತ್ತಿರ ಹೋದವರಿಗೆ ಗುರ್ ಅನ್ನುತ್ತವೆ. ಬೀದಿಯಿಂದ ಬಂದವಳು, ಯಾವಾಗ ಬೆದೆಗೆ ಬಂದಿದ್ದಳೋ ಯಾರಿಗೆ ಗೊತ್ತು? ಹಾಗಿದ್ದರೆ ಮೊಲೆ ಹಿಂಡಬೇಡಿ, ಬಿಸಿ ಬಟ್ಟೆ ಇಡಬೇಡಿ. ಮುಟ್ಟಿದಷ್ಟೂ ಹಾಲು ಜಾಸ್ತಿ. ಡಾಕ್ಟರಿಗೆ ಹೇಳಿ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನೇ ಇಳಿಯುತ್ತದೆ.

ಗುರ್ ಅಂದಿದ್ದಕ್ಕೆ ಗದರಬೇಡಿ. ನಾನು ಇದನ್ನು ಒತ್ತಿ ಹೇಳುತ್ತೇನೆ. ಗುರ್ ಅನ್ನುವುದು ನಾಯಿಯ ಮರ್ಯಾದೆಯ ಮಾತು, 'ಸಾಕು, ಇಲ್ಲಿಗೇ ನಿಲ್ಲಿ' ಅಂತ. ಗದರಿ ಅದನ್ನು ಬಿಡಿಸಿದರೆ ಮುಂದಿನ ಸಲ ಹೇಳದೆ ಕಚ್ಚುತ್ತದೆ. ಗುರ್ ಅಂದ ಕೂಡಲೇ ಕೈ ಹಿಂದೆ ತೆಗೆದುಕೊಳ್ಳಿ, ಮಾತಿಲ್ಲದೆ ಆಚೆ ಬನ್ನಿ. ತನ್ನ ಮಾತು ನಡೆಯಿತು ಅಂತ ಅವಳಿಗೆ ಗೊತ್ತಾದರೆ ಮುಂದೆ ಅಷ್ಟು ಜೋರು ಮಾಡುವುದಿಲ್ಲ. ಅಕಸ್ಮಾತ್ ಹಲ್ಲು ತಾಗಿ ಸಣ್ಣ ಗೀರಾದರೂ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಕೇಳಿ. ಮನೆ ನಾಯಿ ಅಂತ ಬಿಡಬೇಡಿ. ಕೆಂಪಿಗೆ ಲಸಿಕೆ ಆಗಿದೆಯಾ ಅನ್ನುವುದನ್ನೂ ಅದೇ ಫೋನಿನಲ್ಲಿ ಕೇಳಿ.

ಹಾಗಾದರೆ ಗಾಯ ನೋಡುವುದು ಹೇಗೆ? ಮಂಚದ ಕೆಳಗೆ ಕೈ ಹಾಕಿ ಅಲ್ಲ. ಅವಳು ನಿಂತು ಊಟ ಮಾಡುವಾಗ, ಹಗಲು ಬೆಳಕಿನಲ್ಲಿ, ಮೊಬೈಲನ್ನು ನೆಲದ ಹತ್ತಿರ ಹಿಡಿದು ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ಫ್ಲ್ಯಾಶ್ ಬೇಡ. ಈಗ ನೀವು ಆಚೆ ಹೋದ ಮೇಲೆ ತಿನ್ನುತ್ತಾಳೆ, ಹಾಗಾಗಿ ಮೊದಲು ಫೋನನ್ನು ತಟ್ಟೆಯ ಪಕ್ಕ ನೆಲಕ್ಕೆ ಒರಗಿಸಿ, ವಿಡಿಯೋ ಹಾಕಿ ಹೋದರೂ ಆದೀತು. ದಿನಾ ಅದೇ ಹೊತ್ತಿಗೆ ತೆಗೆದರೆ ನಿನ್ನೆಯದಕ್ಕೆ ಇವತ್ತಿನದು ಹೋಲಿಸಬಹುದು, ಡಾಕ್ಟರಿಗೂ ಕಳಿಸಬಹುದು. ಹೊಲಿಗೆ ಗೆರೆ ಸ್ವಲ್ಪ ಕೆಂಪಗೆ, ಸ್ವಲ್ಪ ಉಬ್ಬಿ, ಸುತ್ತ ನೀಲಿಗಟ್ಟಿದ್ದರೆ ಸರಿ. ಬಾಯಿ ಬಿಟ್ಟಿದ್ದರೆ, ಕೀವು ಬಂದರೆ, ಕೆಟ್ಟ ವಾಸನೆ ಇದ್ದರೆ, ಉಬ್ಬು ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದ್ದರೆ ತೋರಿಸಿ. ಅರಿಶಿನ, ಕೊಬ್ಬರಿ ಎಣ್ಣೆ, ಡೆಟಾಲ್ ಯಾವುದೂ ಬೇಡ. ಅರಿಶಿನ ಹಚ್ಚಿದರೆ ಹಳದಿ ಬಣ್ಣದಲ್ಲಿ ನಮಗೆ ಏನೂ ಕಾಣುವುದೂ ಇಲ್ಲ.

ಮಾತ್ರೆ ಮತ್ತೆ ಶುರುವಾದರೆ ಬಾಯಿ ಹಿಡಿದು ತುರುಕಬೇಡಿ. ಮೂರು ಉಂಡೆ ಮಾಡಿ. ರಾಗಿಮುದ್ದೆಯದಾದರೂ ಸರಿ, ಕೋಳಿಯದಾದರೂ ಸರಿ. ಮೊದಲನೆಯದು ಬರೀ ಉಂಡೆ. ಎರಡನೆಯದರಲ್ಲಿ ಮಾತ್ರೆ. ಮೂರನೆಯದು ಆಗಲೇ ಮೂಗಿನ ಮುಂದೆ ಕಾಣುತ್ತಿರಬೇಕು. ಅದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತವೆ. ಹಾಲು ಮೊಸರಿನ ಜೊತೆ ಕೊಡಬಾರದ ಕೆಲವು ಆಂಟಿಬಯೋಟಿಕ್ ಇವೆ, ಅದನ್ನು ಕೇಳಿಕೊಳ್ಳಿ. ಸಾಧ್ಯ ಆದರೆ ಮಾತ್ರೆಯ ಉಂಡೆ ನಿಮ್ಮ ಯಜಮಾನರು ಕೊಡಲಿ. ನಿಮ್ಮ ಕೈಗೆ ಸದ್ಯಕ್ಕೆ ಒಳ್ಳೆಯ ಕೆಲಸ ಮಾತ್ರ ಇರಲಿ.

ಕೋನ್ ವಿಷಯದಲ್ಲಿ ಕರುಣೆ ತೋರಿಸಿ ಕೆಟ್ಟವರಿದ್ದಾರೆ. 'ಪಾಪ, ಹತ್ತು ನಿಮಿಷ ತೆಗೆದೆ ಸಾರ್' ಅಂತಾರೆ. ಆ ಹತ್ತು ನಿಮಿಷದಲ್ಲಿ ನೆಕ್ಕಿ ನೆಕ್ಕಿ ಹೊಲಿಗೆ ಬಿಚ್ಚಿರುತ್ತದೆ. ನಾಯಿ ನೆಕ್ಕಿದರೆ ಗಾಯ ವಾಸಿಯಾಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿದೆ. ನಾಲಿಗೆಯ ಒರಟು, ಬಾಯಿಯ ಕ್ರಿಮಿ ಎರಡೂ ಹೊಲಿಗೆಗೆ ಆಗದು. ಡಾಕ್ಟರ್ ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ಕೋನ್ ಇರಲೇಬೇಕು. ಆದರೆ ಅದರೊಳಗೆ ಅವಳ ಪಾಡು ಏನು ಅಂತ ತಿಳಿದಿರಿ. ಪಕ್ಕದ್ದು ಕಾಣುವುದಿಲ್ಲ. ಸದ್ದು ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಹಿಂದಿನಿಂದ ಬಂದು ಬೆನ್ನು ಮುಟ್ಟಿದರೆ ಯಾರಾದರೂ ಬೆಚ್ಚಲೇಬೇಕು. ಮೊದಲು ಹೆಸರು ಹೇಳಿ, ಕಾಣುವ ಕಡೆಯಿಂದ ಹೋಗಿ. ತಟ್ಟೆ ಕೋನಿನೊಳಗೆ ಹಿಡಿಯುವಷ್ಟು ಕಿರಿದಾಗಿರಲಿ, ಮಣೆಯ ಮೇಲಿಡಿ. ತೀರಾ ಒದ್ದಾಡಿದರೆ ನಾಯಿಗೆ ಹಾಕುವ ಬಟ್ಟೆಯ ಅಂಗಿ ಸಿಗುತ್ತದೆ. ನಮ್ಮ ಕಡೆ ಹಳೆ ಬನಿಯನ್ನಿನಲ್ಲೂ ಕೆಲಸ ಸಾಗಿಸುತ್ತಾರೆ. ಮುಂಗಾಲು ತೋಳಲ್ಲಿ ತೂರಿಸಿ, ಬಾಲದ ಮುಂದೆ ಬೆನ್ನ ಮೇಲೆ ಗಂಟು. ಒದ್ದೆ ಆದ ಕೂಡಲೇ ಬದಲಿಸಬೇಕು, ಬಟ್ಟೆ ಮೇಲಿಂದ ನೆಕ್ಕುತ್ತಾಳಾ ಅಂತ ಕಾಯಬೇಕು. ಡಾಕ್ಟರ್ ಒಪ್ಪಿದರೆ ಮಾತ್ರ.

ಮಗನಿಗೆ ಒಂದು ಕೆಲಸ ಕೊಡಿ, ಇಲ್ಲದಿದ್ದರೆ ಅವನೇ ಒಂದು ಹುಡುಕಿಕೊಳ್ಳುತ್ತಾನೆ. ಕೋನ್ ಕಂಡರೆ ಹುಡುಗರಿಗೆ ಜಾತ್ರೆಯ ಮೈಕಿನ ನೆನಪಾಗಿ ಅದರೊಳಗೆ ಮುಖ ಇಟ್ಟು ಕೂಗುತ್ತಾರೆ. ನಗು ಬರುತ್ತದೆ, ಆದರೆ ಕಚ್ಚಿಸಿಕೊಳ್ಳುವುದೂ ಹೀಗೇ. ಸಂಜೆ ಅವನು ಕೋಣೆಯ ಆಚೆ ತುದಿಯಲ್ಲಿ ಕೂತು ಮಗ್ಗಿ ಹೇಳಲಿ, ಪಾಠ ಓದಲಿ, ಸಣ್ಣ ದನಿಯಲ್ಲಿ. ಪಕ್ಕದಲ್ಲಿ ದೊಡ್ಡವರು ಒಬ್ಬರು ಇರಬೇಕು. ಆರನೇ ಮಗ್ಗಿ ಮುಗಿಯುವ ಹೊತ್ತಿಗೆ ಕೆಂಪಿಯ ಕಿವಿ ಅವನ ಕಡೆ ತಿರುಗಿದ್ದು ಕಂಡರೆ ಅವನ ಹೆದರಿಕೆಯೂ ಅರ್ಧ ಹೋಗುತ್ತದೆ.

ಇನ್ನೊಂದು ಆಟ ಇದೆ. ಓಡುವ, ಹಾರುವ ಆಟ ಎರಡು ವಾರ ಇಲ್ಲ. ಹಾಗಂತ ಚಿಕ್ಕ ವಯಸ್ಸಿನ ನಾಯಿ ಸುಮ್ನೆ ಬಿದ್ದಿದ್ದರೆ ಐದಾರು ದಿನಕ್ಕೆ ಅದಕ್ಕೂ ತಲೆ ಕೆಡುತ್ತದೆ. ಮೂಗಿಗೆ ಕೆಲಸ ಕೊಡಿ. ದಾವಣಗೆರೆಯಲ್ಲಿ ಮಂಡಕ್ಕಿಗೆ ಬರವೇ? ಒಂದು ಮುಷ್ಟಿ ಬರೀ ಮಂಡಕ್ಕಿ, ಅದರಲ್ಲಿ ನಾಲ್ಕು ಕೋಳಿ ಚೂರು, ಹಳೆ ಟವೆಲಿನ ಮೇಲೆ ಉದುರಿಸಿ ಸಡಿಲವಾಗಿ ಸುತ್ತಿ ಮುಂದಿಡಿ. ಕೋನ್ ಇದ್ದರೂ ಹೇಗೋ ಮೂಸಿ, ಬಿಚ್ಚಿ, ಹುಡುಕಿ ತಿನ್ನುತ್ತಾಳೆ. ಹತ್ತು ನಿಮಿಷ ಮೂಸಿದ ಮೇಲೆ ಒಳ್ಳೆಯ ನಿದ್ದೆ. ಒಗ್ಗರಣೆ ಮಂಡಕ್ಕಿ ಬೇಡ, ಅದರಲ್ಲಿ ಈರುಳ್ಳಿ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷ. ಬೆಣ್ಣೆದೋಸೆಯನ್ನು ನೀವೇ ತಿನ್ನಿ, ಅಷ್ಟು ಜಿಡ್ಡು ಈ ಹೊಟ್ಟೆಗೆ ಬೇಡ.

ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಅವಳೇ ಬಂದು ನಿಮಗೆ ತಾಗಿ ಕೂತ ದಿನ, ತಲೆ ಮೇಲಿಂದ ಕೈ ತರದೆ ಎದೆಯ ಪಕ್ಕ ಮೂರು ಸಲ ನಿಧಾನ ತುರಿಸಿ. ನಿಲ್ಲಿಸಿ. ಕೈ ತೊಡೆ ಮೇಲಿಡಿ. ಮತ್ತೆ ವಾಲಿದರೆ, ಮೂತಿಯಿಂದ ಕೈ ತಿವಿದರೆ ಇನ್ನು ಮೂರು ಸಲ. ತುಟಿ ನೆಕ್ಕಿಕೊಂಡರೆ, ನಿದ್ದೆ ಇಲ್ಲದೆ ಆಕಳಿಸಿದರೆ, ಕಣ್ಣಿನ ಬಿಳಿ ಕಾಣುವಂತೆ ಓರೆ ನೋಡಿದರೆ ಅವತ್ತಿಗೆ ಸಾಕು ಅಂತ ಅರ್ಥ. ಬೇಡ ಅಂದರೆ ಬಿಡುವವರು ಅಂತ ಗೊತ್ತಾದ ಮೇಲೆ ನಾಯಿಗಳು ಬೇಕು ಅಂತ ಕೇಳುವುದು ಜಾಸ್ತಿ. ಹೊಟ್ಟೆ ಸವರುವುದು ಮುಂದಿನ ತಿಂಗಳ ಮಾತು.

ಮೆಟ್ಟಿಲು ನಿಮಗೆ ತೊಂದರೆ. ಉಚ್ಚೆ ಕಕ್ಕಕ್ಕೆ ದಿನಕ್ಕೆ ಮೂರು ನಾಲ್ಕು ಸಲ ಇಳಿಸಲೇಬೇಕು. ಎತ್ತಿಕೊಳ್ಳಲು ಹೋದರೆ ಮತ್ತೆ ಶನಿವಾರದ ನೆನಪು. ಹಗ್ಗ ಗಿಡ್ಡ ಹಿಡಿದು, ಒಂದೊಂದೇ ಮೆಟ್ಟಿಲು, ಅವಳ ವೇಗದಲ್ಲಿ ಇಳಿಯಿರಿ. ಎತ್ತಲೇಬೇಕಾದರೆ ಒಂದು ತೋಳು ಎದೆಯ ಮುಂದೆ, ಇನ್ನೊಂದು ಹಿಂದೊಡೆಯ ಹಿಂದೆ. ಹೊಟ್ಟೆ ಕೆಳಗೆ ಕೈ ಕೊಡಬೇಡಿ, ಮುಂಗಾಲಿನ ಕಂಕುಳಲ್ಲಿ ನೇತಾಡಿಸಬೇಡಿ. ಕೆಳಗೆ ಐದು ಹತ್ತು ನಿಮಿಷ, ಮೂಸಲು ಬಿಡಿ. ಆ ಹತ್ತು ನಿಮಿಷ ಹಗ್ಗ ನಿಮ್ಮ ಕೈಯಲ್ಲೇ ಇರಲಿ. ಮಾತ್ರೆ ತಿನ್ನಿಸುವುದು, ಕೋನ್ ಸರಿ ಮಾಡುವುದು ಯಾವುದೂ ಇಲ್ಲದೆ ಅವಳು ನಿಮ್ಮ ಜೊತೆ ಇರುವ ಹೊತ್ತು ಅದೊಂದೇ.

ಅತ್ತೆಯವರಿಗೆ ನನ್ನ ಕಡೆಯಿಂದ ಹೇಳಿ. ಒಂದು ಸಲ ಮರಿ ಹಾಕಿದರೆ ಒಳ್ಳೆಯದು ಅನ್ನುವುದಕ್ಕೆ ವೈದ್ಯಕೀಯವಾಗಿ ಯಾವ ಆಧಾರವೂ ಇಲ್ಲ. ಗರ್ಭಕೋಶದಲ್ಲಿ ಕೀವು ತುಂಬಿ, ಮಧ್ಯರಾತ್ರಿ ಹೊತ್ತು ತಂದ ವಯಸ್ಸಾದ ಹೆಣ್ಣು ನಾಯಿಗಳನ್ನು ಅವರು ನೋಡಿದ್ದರೆ ಪಾಪ ಯಾವುದು ಅಂತ ಅವರೇ ಹೇಳುತ್ತಿದ್ದರು. ಕೆಂಪಿಗೆ ಇನ್ನು ಆ ಭಯ ಇಲ್ಲ. ತೂಕದ ಭಯ ಇದೆ. ಇನ್ನು ಮೇಲೆ ಅವಳ ಮೈಗೆ ಬೇಕಾದ ಊಟ ಕಡಿಮೆ, ಹಸಿವು ಮಾತ್ರ ಜಾಸ್ತಿ. ಹೊಲಿಗೆ ಬಿಚ್ಚಿದ ಮೇಲೆ ತಿಂಗಳಿಗೊಮ್ಮೆ ತೂಕ ನೋಡಿ ಊಟ ಇಳಿಸುತ್ತಾ ಬನ್ನಿ.

ಹೊಲಿಗೆ ಬಿಚ್ಚುವ ದಿನ ಮತ್ತೆ ಅದೇ ಆಟೋ, ಅದೇ ಮೇಜು ಅಂತ ನಿಮಗೆ ದಿಗಿಲು ಇರಬಹುದು. ಸಾಧ್ಯವಾದರೆ ಹಿಂದಿನ ದಿನ ಆಸ್ಪತ್ರೆ ಗೇಟಿನವರೆಗೆ ಕರೆದುಕೊಂಡು ಹೋಗಿ, ಕೋಳಿ ಚೂರು ತಿನ್ನಿಸಿ, ಒಳಗೆ ಹೋಗದೆ ವಾಪಸ್ ಬನ್ನಿ. ಆ ದಿನ ಯಜಮಾನರು ಹಿಡಿದುಕೊಳ್ಳಲಿ, ನೀವು ತಲೆಯ ಕಡೆ ನಿಂತು ಚೂರು ಕೊಡುತ್ತಿರಿ. ಕೆಲಸ ಎರಡು ಮೂರು ನಿಮಿಷದ್ದು. ಮನೆಯಿಂದ ಹೊರಡುವಾಗ ಅತ್ತೆಯವರ ಬಾಗಿಲಲ್ಲಿರುವ ಆ ಚಾಪೆಯನ್ನೂ ಸುತ್ತಿಕೊಂಡು ಹೋಗಿ. ಮೊದಲು ಸ್ಟೀಲ್ ಮೇಜಿನ ಮೇಲೆ ಅದನ್ನು ಹಾಸಿ, ಆಮೇಲೆ ಅವಳನ್ನು ಹತ್ತಿಸಿ. ಕಾಲು ಜಾರುವುದಿಲ್ಲ.